ಬೌಲಿಂಗ್ ಚೆಂಡು: ಸ್ಯಾಂಡ್ ಮಾಡಿಸೋದಾ, ಪಾಲಿಶ್ ಹಾಗೇ ಬಿಡೋದಾ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಆಟದ ಮಾತು ಅಂದರೆ ಕ್ರಿಕೆಟ್, ಕಬಡ್ಡಿ, ಹೆಚ್ಚೆಂದರೆ ಥ್ರೋಬಾಲ್. ನನ್ನ ಪ್ರಶ್ನೆ ಬೌಲಿಂಗ್‌ನದು. ಮಾಲ್‌ನಲ್ಲಿ ಹತ್ತು ಪಿನ್ ಬೀಳಿಸುವ ಬೌಲಿಂಗ್. ಆಡುವವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಬುಧವಾರ ಸಂಜೆ ನಾವು ಆಫೀಸಿನವರು ಆಡೋಕೆ ಹೋಗುತ್ತೇವೆ. ಇಷ್ಟು ದಿನ ಅಲ್ಲಿ ಇಟ್ಟಿರುವ ಚೆಂಡಿನಲ್ಲೇ ಆಡುತ್ತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಕೆನಡಾಕ್ಕೆ ಹೊರಟಾಗ ತಮ್ಮ ಸ್ವಂತ ಚೆಂಡನ್ನು ನನಗೆ ಕೊಟ್ಟು ಹೋದರು. 14 ಪೌಂಡ್, ಹೊರಮೈ ರಿಯಾಕ್ಟಿವ್ ರೆಸಿನ್ ಅನ್ನೋದು. ಹಳೆಯ ತೂತು ಮುಚ್ಚಿಸಿ ನನ್ನ ಬೆರಳಿನ ಅಳತೆಗೆ ಮತ್ತೆ ಕೊರೆಸಿದ್ದೂ ಆಯಿತು. ಮುಖ ಕಾಣುವಷ್ಟು ಹೊಳಪು ಇದೆ.

ತೊಂದರೆ ಏನಂದರೆ, ಒಂದು ಸಲ ಮಾಡಿದ್ದು ಇನ್ನೊಂದು ಸಲ ಮಾಡಲ್ಲ. ಮುಕ್ಕಾಲು ದಾರಿ ಸುಮ್ನೆ ನೇರ ಜಾರಿಕೊಂಡು ಹೋಗುತ್ತೆ. ಕೊನೆಗೆ ಕೆಲವು ಸಲ ದಢಕ್ಕಂತ ತಿರುಗಿ ಮೊದಲ ಪಿನ್ನಿನ ಎಡಕ್ಕೆ ದಾಟಿಬಿಡುತ್ತೆ. ಕೆಲವು ಸಲ ತಿರುಗೋದೇ ಇಲ್ಲ, ಬಲಗಡೆಯ ಮೂರು ಪಿನ್ ಕೆಡವಿ ಹೊರಟುಹೋಗುತ್ತೆ. ನಾನಂತೂ ಎರಡು ಸಲವೂ ಒಂದೇ ಥರ ಎಸೆದಿರುತ್ತೇನೆ.

ಒಬ್ಬರು 2000 ಗ್ರಿಟ್‌ನಲ್ಲಿ (ಗ್ರಿಟ್ ಅಂದರೆ ಉಜ್ಜುವ ಪುಡಿಯ ನಂಬರ್) ಸ್ಯಾಂಡ್ ಮಾಡಿಸು, ಅಂದರೆ ಉಜ್ಜಿಸಿ ಹೊಳಪು ತೆಗೆಸು ಅಂತಾರೆ. ಇನ್ನೊಬ್ಬರು ಪಾಲಿಶ್ ಮುಟ್ಟಿದರೆ ಚೆಂಡು ಹಾಳು ಅಂತಾರೆ. ಯಾವುದು ಸರಿ?

ಗಟರ್ ಗೆಳೆಯ

ನನ್ನ ಚೆಂಡು ಉಜ್ಜಿದರೂ ಗಟರಿಗೇ, ಪಾಲಿಶ್ ಮಾಡಿದರೂ ಗಟರಿಗೇ. ತಿಳಿದವರು ಬರಲಿ. ನಾನು ಇಲ್ಲೇ ಕೂತು ಓದುತ್ತೇನೆ.

ಮಾಟುಂಗಾ ಮಾವ

ಚೆಂಡಿನ ಮಾತು ಆಮೇಲೆ, ಮೊದಲು ಲೇನ್, ಅಂದರೆ ಚೆಂಡು ಓಡುವ ಹಾದಿಯ ಕಥೆ ಹೇಳಿ ಮಾರಾಯ್ರೇ. ಎಣ್ಣೆ ಎಷ್ಟು ಉಂಟು? ನೀವು ಎಷ್ಟು ಗಂಟೆಗೆ ಆಡೋದು? ನಿಮಗಿಂತ ಮೊದಲು ಆ ಲೇನ್‌ನಲ್ಲಿ ಯಾರು ಆಡಿರುತ್ತಾರೆ? ಇದು ಗೊತ್ತಿಲ್ಲದೆ ಸ್ಯಾಂಡಾ ಪಾಲಿಶಾ ಅಂತ ಕೇಳಿದರೆ ಉತ್ತರ ಇಲ್ಲ.

ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸೆಯುವವರು ದಾಟಬಾರದ ಗೆರೆ, ಅಂದರೆ ಫೌಲ್ ಲೈನ್‌ನಿಂದ ಮೊದಲ ಪಿನ್ನಿಗೆ 60 ಅಡಿ. ಸರಿಯಾಗಿ ನೋಡಿಕೊಳ್ಳುವ ಕಡೆ ಅದರಲ್ಲಿ ಮೊದಲ 40 ಅಡಿಯಷ್ಟಕ್ಕೆ ಯಂತ್ರದಿಂದ ಎಣ್ಣೆ ಬಳಿದಿರುತ್ತಾರೆ. ಉಳಿದದ್ದು ಒಣ. ಲೇನ್ ಅಗಲಕ್ಕೆ ಸಾಲಾಗಿ 39 ಉದ್ದ ಪಟ್ಟಿ. ನಡುವಿನ ಪಟ್ಟಿಗಳಲ್ಲಿ ಎಣ್ಣೆ ದಪ್ಪ, ಎರಡೂ ಅಂಚಿನಲ್ಲಿ ತೆಳು. ಚೆಂಡು ಮೊದಲು ಎಣ್ಣೆಯಲ್ಲಿ ಜಾರುತ್ತದೆ. ಒಣ ಜಾಗ ಸಿಕ್ಕ ಕೂಡಲೇ ಹಿಡಿತ ಬಂದು ತಿರುಗುತ್ತದೆ. ಆಮೇಲೆ ಜಾರುವುದು ಪೂರ್ತಿ ನಿಂತು ಬರೀ ಉರುಳುತ್ತದೆ. ಹೊರಮೈಯನ್ನು ಒರಟು ಮಾಡಿದರೆ ಈ ತಿರುವು ನಮ್ಮ ಕಡೆಗೆ ಬರುತ್ತದೆ. ನುಣುಪು ಮಾಡಿದರೆ ಪಿನ್ನಿನ ಕಡೆಗೆ ಹೋಗುತ್ತದೆ. ವಿಷಯ ಇಷ್ಟೇ.

ಯಾಕೆ ಅಂದರೆ, ಸ್ಯಾಂಡ್ ಮಾಡಿದ ಮೈಮೇಲೆ ಕಣ್ಣಿಗೆ ಕಾಣದ ಏರುತಗ್ಗು ಇರುತ್ತದೆ. ಆ ಏರುಗಳು ಎಣ್ಣೆಯ ಪದರ ದಾಟಿ ಲೇನನ್ನು ಮುಟ್ಟುತ್ತವೆ. ಮಳೆಗಾಲದಲ್ಲಿ ದಾದರ್ ಸೇತುವೆಯ ಮೆಟ್ಟಿಲು ಇಳಿದವರಿಗೆ ಗೊತ್ತು, ಅಡಿ ಸವೆದ ಚಪ್ಪಲಿ ಯಾಕೆ ಜಾರುತ್ತದೆ, ಗೆರೆ ಇರುವ ಹೊಸ ಚಪ್ಪಲಿ ಯಾಕೆ ಹಿಡಿಯುತ್ತದೆ ಅಂತ. ಇದೂ ಅದೇ ಲೆಕ್ಕ.

ನಾನು ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ ಜಾಗದಲ್ಲಿ ಬೌಲಿಂಗ್ ಬಂದ ಕಾಲದವನು. ನಮ್ಮ ಊರಿನವರು ಎಷ್ಟೋ ಜನ ಆ ಪರೇಲ್ ಮಿಲ್‌ಗಳ ಕ್ಯಾಂಟೀನ್‌ನಲ್ಲಿ ದುಡಿದವರು. ಅಲ್ಲೇ ಪಿನ್ ಬೀಳಿಸಲು ನಾವು ದುಡ್ಡು ಕೊಟ್ಟು ಸಾಲಲ್ಲಿ ನಿಂತೆವು. ಇರಲಿ. ಅಂದಿನಿಂದ ಇಂದಿನವರೆಗೆ ನಾನು ಮುಂಬೈ ಮಾಲ್‌ಗಳಲ್ಲಿ ನೋಡಿದ್ದು ಒಂದೇ, ಎಣ್ಣೆ ಕಡಿಮೆ. ಅವರಿಗೆ ಬೇಕಾದ್ದು ಹುಟ್ಟುಹಬ್ಬದ ಪಾರ್ಟಿ, ಲೀಗ್ ಅಲ್ಲ. ಒಣ ಲೇನ್‌ನಲ್ಲಿ ಒರಟು ಚೆಂಡು ಬಿಟ್ಟರೆ ಅರ್ಧ ದಾರಿಯಲ್ಲೇ ತಿರುಗಿ, ಇದ್ದ ಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಪಿನ್ನಿಗೆ ಬಡಿಯುವಾಗ ಜೀವ ಇರುವುದಿಲ್ಲ. ನನ್ನ ಮಾತು ಕೇಳುವುದಾದರೆ ಪಾಲಿಶ್ ಮುಟ್ಟಬೇಡಿ.

ಡೊಂಬಿವಲಿ ಫಾಸ್ಟ್

ಮಾವ, ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್.

ನಾವು ಆಡೋದು ರಾತ್ರಿ ಎಂಟರ ನಂತರ. ಮಧ್ಯಾಹ್ನದಿಂದ ಮಕ್ಕಳು, ಕಾಲೇಜಿನವರು ಆಡಿರುತ್ತಾರೆ. ಎಣ್ಣೆ ಯಾವಾಗ ಹಾಕ್ತೀರಿ ಅಂತ ಕೌಂಟರ್‌ನಲ್ಲಿ ಕೇಳಿದೆ. ಆ ಹುಡುಗ ‘ಬೆಳಿಗ್ಗೆ’ ಅಂದ, ಆದರೆ ಯಾವ ಬೆಳಿಗ್ಗೆ ಅಂತ ಹೇಳಲಿಲ್ಲ. ನಮ್ಮ ಗುಂಪಿನಲ್ಲಿ ಸ್ವಂತ ಚೆಂಡು ನನ್ನದೊಂದೇ, ಉಳಿದವರೆಲ್ಲ ಅಲ್ಲಿನ ಬಣ್ಣ ಬಣ್ಣದ ಚೆಂಡು. ನನ್ನ ವೇಗ ಸ್ಕ್ರೀನ್ ಮೇಲೆ ಗಂಟೆಗೆ 24–25 ಕಿಲೋಮೀಟರ್ ತೋರಿಸುತ್ತೆ. ಬಲಗೈ. ಕೈ ತಿರುಗಿಸಿ ಜಾಸ್ತಿ ಸುತ್ತು ಕೊಡೋಕೆ ಇನ್ನೂ ಬರಲ್ಲ.

ಕೊಥ್ರೂಡ್ ಕಾಕಾ

ಪುಣೆಯಿಂದ ನಮಸ್ಕಾರ್ರಿ. ಮಾವ ಹೇಳಿದ ಮೊದಲ ಅರ್ಧ ಒಪ್ಪಿದೆ, ಕೊನೆಯ ಸಾಲು ಒಪ್ಪಲಿಲ್ಲ.

ನನ್ನ ಹೊಟ್ಟೆಪಾಡು ಲೋಹದ ಮೇಲ್ಮೈ ಅಳೆಯುವ ಕೆಲಸ. ಇಂಜಿನ್ ಭಾಗಗಳು ಎಷ್ಟು ನುಣುಪು, ಎಷ್ಟು ಒರಟು ಅಂತ ದಿನವಿಡೀ ನೋಡುವವನು. ಹಾಗಾಗಿ ಬೌಲಿಂಗ್ ಚೆಂಡಿನ ಈ ಜಗಳ ನನಗೆ ಭಾಳ ಸೇರುತ್ತದೆ. ಅಮೆರಿಕದಲ್ಲಿ ಆಟದ ನಿಯಮ ಮಾಡುವ ಯುಎಸ್‌ಬಿಸಿ ಅನ್ನುವ ಸಂಸ್ಥೆ ಚೆಂಡಿನ ಚಲನೆ ಮೇಲೆ ದೊಡ್ಡ ಅಧ್ಯಯನ ಮಾಡಿದೆ. ಚೆಂಡಿನ ಒಳಗಿನ ಗಡ್ಡೆಯ ಆಕಾರ, ತೂತಿನ ಜಾಗ, ಹೊರಮೈ ಎಲ್ಲ ಹೋಲಿಸಿ ನೋಡಿದರು. ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಕಂಡದ್ದು ಹೊರಮೈಯ ಸಣ್ಣ ಸಣ್ಣ ಏರುತಗ್ಗುಗಳದ್ದು. ಅದಕ್ಕೆ ಎರಡು ಅಳತೆ. ಆರ್‌ಎ ಅಂದರೆ ಏರುತಗ್ಗಿನ ಸರಾಸರಿ ಎತ್ತರ. ಆರ್‌ಎಸ್ ಅಂದರೆ ಒಂದು ಏರಿನಿಂದ ಇನ್ನೊಂದಕ್ಕೆ ಇರುವ ದೂರ. ಜನ ಸಾವಿರಾರು ರೂಪಾಯಿ ಕೊಟ್ಟು ಒಳಗಿನ ಗಡ್ಡೆಗೆ ಮರುಳಾಗುತ್ತಾರೆ. ಕೈಗೆಟಕುವ ಬೆಲೆಯ ಒಂದು ಉಜ್ಜುವ ಪ್ಯಾಡ್ ಮಾಡುವ ಬದಲಾವಣೆ ಅದಕ್ಕಿಂತ ದೊಡ್ಡದು ನೋಡ್ರಿ.

ಈಗ ಇವರ ತೊಂದರೆಗೆ ಬರೋಣ. ಒಮ್ಮೆ ಅತಿಯಾಗಿ ತಿರುಗುತ್ತದೆ, ಒಮ್ಮೆ ತಿರುಗುವುದೇ ಇಲ್ಲ. ಇದು ನುಣುಪು ಚೆಂಡಿನ ಹುಟ್ಟುಗುಣ. ಎಣ್ಣೆ ಸಿಕ್ಕರೆ ಪೂರಾ ಜಾರುತ್ತದೆ, ಒಣ ಸಿಕ್ಕರೆ ಒಮ್ಮೆಲೇ ಹಿಡಿಯುತ್ತದೆ. ಮಧ್ಯದ ದಾರಿ ಅದಕ್ಕೆ ಗೊತ್ತಿಲ್ಲ. ಎಸೆಯುವಾಗ ಎರಡು ಪಟ್ಟಿ ಆಚೀಚೆ ಆದರೆ ಕೊನೆಯಲ್ಲಿ ಆಗುವ ವ್ಯತ್ಯಾಸ ಎರಡು ಪಟ್ಟಿ ಅಲ್ಲ, ಎಂಟು ಹತ್ತು ಆಗಬಹುದು. ಸ್ಯಾಂಡ್ ಮಾಡಿದರೆ ಎಣ್ಣೆಯಲ್ಲೂ ಸ್ವಲ್ಪ ಹಿಡಿಯುತ್ತದೆ, ಒಣದಲ್ಲಿ ಗಾಬರಿ ಬೀಳುವುದಿಲ್ಲ. ತಿರುವು ಉದ್ದಕ್ಕೆ, ನಿಧಾನಕ್ಕೆ ಬರುತ್ತದೆ. ಹೊಸಬರಿಗೆ ಬೇಕಾದ್ದು ಅದೇ. ಆದ್ದರಿಂದ 2000 ಹಾಕ್ರಿ, ನೋಡ್ರಿ.

ಇನ್ನೊಂದು. ಸ್ಯಾಂಡ್ ಪೇಪರ್ ಹಿಂಭಾಗದಲ್ಲಿ ನಂಬರಿನ ಮುಂದೆ ‘ಪಿ’ ಅಕ್ಷರ ಇದೆಯಾ ನೋಡಿಕೊಳ್ಳಿ. ಇದ್ದರೆ ಅದು ಯುರೋಪಿನ ಅಳತೆ. ಅಮೆರಿಕದ ಹಳೆಯ ಅಳತೆ ಬೇರೆ. ಅವರ 500 ಮತ್ತು ಇವರ ಪಿ1000 ಹತ್ತಿರ ಹತ್ತಿರ ಒಂದೇ ಒರಟು. ನಂಬರ್ ದೊಡ್ಡದಾದಷ್ಟೂ ಪುಡಿ ಸಣ್ಣದು, ಅದು ಎರಡರಲ್ಲೂ ಒಂದೇ.

ಮಾಟುಂಗಾ ಮಾವ

ಕಾಕಾ, ನಿಮ್ಮ ಅಳತೆ ಯಂತ್ರಕ್ಕೆ ಕೈಮುಗಿದೆ. ಆದರೆ ಪಿನ್ ಬೀಳುವುದು ಬರೀ ನಿಧಾನದ ತಿರುವಿನಿಂದ ಅಲ್ಲ. ಒಂದನೇ ಪಿನ್ನು, ಮೂರನೇ ಪಿನ್ನಿನ ಸಂದಿಗೆ ಚೆಂಡು ಓರೆಯಾಗಿ ನುಗ್ಗಬೇಕು. ಸುಮಾರು 6 ಡಿಗ್ರಿ ಓರೆ ಇದ್ದರೆ ಸ್ಟ್ರೈಕ್, ಅಂದರೆ ಒಂದೇ ಏಟಿಗೆ ಹತ್ತೂ ಪಿನ್ ಬೀಳೋದು, ಜಾಸ್ತಿ ಅಂತ ನಿಮ್ಮ ಅದೇ ಯುಎಸ್‌ಬಿಸಿ ಹೇಳಿದೆ ಅಲ್ವಾ? ಆ ಓರೆ ಕೊಡೋದು ತಡವಾಗಿ ತಿರುಗುವ ಚೆಂಡು, ಅಂದರೆ ಪಾಲಿಶ್. ಮೊದಲೇ ತಿರುಗಿ ಸುಸ್ತಾದ ಚೆಂಡು ಸಂದಿಗೆ ಸರಿಯಾಗಿ ಹೋಗಿ ಬಿದ್ದರೂ ಬಲ ತುದಿಯ 10ನೇ ಪಿನ್ ನಿಂತೇ ಇರುತ್ತದೆ. ನೋಡಿ ನೋಡಿ ನನ್ನ ತಲೆ ನರೆತಿದೆ.

ಕೊಥ್ರೂಡ್ ಕಾಕಾ

ಮೊದಲು ಸಂದಿಗೆ ಮುಟ್ಟಲಿ ಮಾವ, ಆಮೇಲೆ ಡಿಗ್ರಿ ಲೆಕ್ಕ ಹಾಕೋಣ. ಈ ಹುಡುಗನ ಚೆಂಡು ಮೂರಕ್ಕೆ ಒಮ್ಮೆಯೂ ಸಂದಿ ಕಾಣುವುದಿಲ್ಲ.

ಗಟರ್ ಗೆಳೆಯ

ಮಾವ–ಕಾಕಾ ಪಂದ್ಯಕ್ಕೆ ಟಿಕೆಟ್ ಎಲ್ಲಿ ಸಿಗುತ್ತೆ?

ವಾಶಿ ಅಕ್ಕ

ಇಬ್ಬರೂ ಅರ್ಧರ್ಧ ಸರಿ. ಆದರೆ ಡೊಂಬಿವಲಿ ತಮ್ಮ ಬರೆದದ್ದರಲ್ಲಿ ಒಂದು ಮಾತು ಇಬ್ಬರ ಕಣ್ಣಿಗೂ ಬೀಳಲಿಲ್ಲ. ‘ಉಳಿದವರೆಲ್ಲ ಅಲ್ಲಿನ ಬಣ್ಣ ಬಣ್ಣದ ಚೆಂಡು.’

ಆ ಚೆಂಡುಗಳು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಅವು ಎಣ್ಣೆ ಹೀರಲ್ಲ. ಮೈಗೆ ಅಂಟಿದ ಎಣ್ಣೆಯನ್ನು ಹಾಗೇ ಮುಂದೆ ಒಯ್ದು ಒಣ ಇರಬೇಕಾದ ಜಾಗಕ್ಕೆ ಸವರಿಬಿಡುತ್ತವೆ. ರಿಯಾಕ್ಟಿವ್ ಚೆಂಡು ಹಾಗಲ್ಲ, ಅದರ ಮೈಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಎಣ್ಣೆ ಕುಡಿಯುತ್ತೆ. ಲೀಗ್ ಆಡುವ ಕಡೆ ಎಲ್ಲರದ್ದೂ ರಿಯಾಕ್ಟಿವ್, ಹಾಗಾಗಿ ಆಟ ನಡೆದಂತೆ ಲೇನ್ ಒಣಗುತ್ತಾ ಹೋಗುತ್ತೆ. ಮಾಲ್‌ನಲ್ಲಿ ಕಥೆ ಉಲ್ಟಾ. ಮಧ್ಯಾಹ್ನದಿಂದ ಪಾರ್ಟಿ ಮಕ್ಕಳು ಪ್ಲಾಸ್ಟಿಕ್ ಚೆಂಡನ್ನು ನಟ್ಟನಡುವೆ ತಳ್ಳಿ ತಳ್ಳಿ, ರಾತ್ರಿ ಎಂಟಕ್ಕೆ ಮುಂದಿನ ಭಾಗ ತೇಪೆ ತೇಪೆಯಾಗಿ ಒಣಗಿರುತ್ತೆ, ಪಿನ್ನಿನ ಹತ್ತಿರ ಎಣ್ಣೆಯ ಪಟ್ಟೆ ಬಿದ್ದಿರುತ್ತೆ. ಪಾಲಿಶ್ ಚೆಂಡು ಆ ಪಟ್ಟೆಗೆ ಸಿಕ್ಕರೆ ನೇರ ಹೋಯಿತು. ಪಕ್ಕದ ಒಣಕ್ಕೆ ಸಿಕ್ಕರೆ ದಢಕ್. ತಮ್ಮ ಹೇಳಿದ್ದು ಅದನ್ನೇ ತಾನೇ?

ಹಾಗಂತ ನೇರ 2000ಕ್ಕೆ ಇಳಿಯೋದು ಜಾಸ್ತಿ ಆಯಿತು ಕಾಕಾ. 25 ಕಿಲೋಮೀಟರ್ ವೇಗ ಅಂಥ ದೊಡ್ಡದಲ್ಲ. ಜೋರಾಗಿ ಎಸೆಯುವವರ ಚೆಂಡಿಗೆ ತಿರುಗೋಕೆ ಸಮಯ ಸಾಲಲ್ಲ, ಅವರಿಗೆ ಒರಟು ಮೈ ಬೇಕು. ನಿಧಾನದವರ ಚೆಂಡು ಹೇಗೂ ತಿರುಗುತ್ತೆ. ನಾನು 12 ಪೌಂಡ್ ಚೆಂಡಿನವಳು, ಇವನಿಗಿಂತ ನಿಧಾನ. 1000ಕ್ಕೆ ಸ್ಯಾಂಡ್ ಮಾಡಿದ ಚೆಂಡು ನನ್ನ ಕೈಯಲ್ಲಿ ಲೇನ್ ಮೇಲೆ ಗುರಿಗೆ ಇರುವ ಬಾಣದ ಗುರುತು ದಾಟುತ್ತಲೇ ಎಡಕ್ಕೆ ವಾಲುತ್ತೆ, ಆಡೋಕೇ ಆಗಲ್ಲ. ಈಗ 4000 ಪ್ಯಾಡ್ ಕೊಟ್ಟು, ಮೇಲೆ ಪಾಲಿಶ್ ಹಾಕದೆ ಇಟ್ಟಿದ್ದೇನೆ. ಮೈ ಹೊಳೆಯೋದೂ ಇಲ್ಲ, ಮಂಕೂ ಅಲ್ಲ. ಮಾಲ್ ಲೇನ್‌ಗೆ ನನ್ನ ಮತ ಅದಕ್ಕೇ.

ಇನ್ನೊಂದು ಮುಖ್ಯ ಮಾತು. ಪಾಲಿಶ್ ತೆಗೆಯೋದು ಮನೆಯಲ್ಲಿ ಕೈಯಿಂದ ಆಗುವ ಕೆಲಸ. ಮತ್ತೆ ಅಂಥದೇ ಹೊಳಪು ತರೋಕೆ ಚೆಂಡು ತಿರುಗಿಸುವ ಯಂತ್ರ ಬೇಕು, ಕೈಯಲ್ಲಿ ಉಜ್ಜಿ ತೋಳು ಸೋತುಹೋಗುತ್ತೆ. ಅದಕ್ಕೇ ಒಮ್ಮೆಲೇ ಕೆಳಗೆ ಇಳಿಯಬಾರದು. ನುಣುಪಿನ ಕಡೆಯಿಂದ ಒಂದೊಂದೇ ಮೆಟ್ಟಿಲು. ಅಷ್ಟಕ್ಕೂ ಸಾಲದಿದ್ದರೆ 3000, ಆಮೇಲೆ 2000.

ಡೊಂಬಿವಲಿ ಫಾಸ್ಟ್

ಅಕ್ಕ, ನೀವು ಪಕ್ಕದ ಲೇನ್‌ನಲ್ಲಿ ನಿಂತು ನೋಡಿದ ಹಾಗಿದೆ! ಎಣ್ಣೆಯ ಪಟ್ಟೆ ಅಂದ ಮೇಲೆ ನೆನಪಾಯಿತು. ವಾಪಸ್ ಬಂದ ಚೆಂಡಿನ ಮೇಲೆ ಎಣ್ಣೆಯ ಬಳೆ ಬಳೆ ಗುರುತು ಇರುತ್ತೆ. ಅದನ್ನು ಒರೆಸಬೇಕಾ?

ವಾಶಿ ಅಕ್ಕ

ಪ್ರತಿ ಸಲ ಒರೆಸು. ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಒರೆಸದೆ ಆಡಿದರೆ ನಿನ್ನ ಚೆಂಡೇ ಎಣ್ಣೆಯನ್ನು ಮುಂದೆ ಒಯ್ಯುತ್ತೆ, ಮೈಯೂ ಕುಡಿಯುತ್ತಾ ಹೋಗುತ್ತೆ. ಕುಡಿದು ಕುಡಿದು ತುಂಬಿದ ಚೆಂಡು ಯಾವ ಗ್ರಿಟ್ ಹಾಕಿದರೂ ಜಾರುತ್ತೆ. ಹಳೇ ಚೆಂಡು ಅಂತಿದ್ದೀಯಲ್ಲ, ಮೊದಲು ಒಳಗಿನ ಎಣ್ಣೆ ತೆಗೆ. ತೂತುಗಳಿಗೆ ನೀರು ಹೋಗದ ಹಾಗೆ ಟೇಪ್ ಅಂಟಿಸಿ, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿ ನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಡು. ಕೈ ಇಟ್ಟರೆ ತಡೆಯುವಷ್ಟು ಬಿಸಿ ಮಾತ್ರ. ಕುದಿಯುವ ನೀರು, ಓವನ್, ಇಂಥ ಸಾಹಸ ಬೇಡ, ಚೆಂಡು ಬಿರುಕು ಬಿಡುತ್ತೆ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲೂ ಬಿಡಬೇಡ.

ಮುಲುಂಡ್ ಗ್ಯಾರೇಜ್

ನಾನು ಬೌಲಿಂಗ್ ಆಡುವವನಲ್ಲ. ಕಾರಿಗೆ ಪಾಲಿಶ್ ಮಾಡುವ ಕೆಲಸ. ಪ್ಯಾಡ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನೀವು ಹೇಳುವ ಸ್ಪಂಜಿನ ಬೆನ್ನಿರುವ ದುಂಡಗಿನ ಪ್ಯಾಡ್ ನಮ್ಮಲ್ಲೂ ಬಳಸುತ್ತೇವೆ. ಅಬ್ರಾಲಾನ್ ಅಂತ, ಫಿನ್ಲೆಂಡಿನ ಮಿರ್ಕಾ ಕಂಪನಿಯದು. 500, 1000, 2000, 3000, 4000 ಬರುತ್ತೆ. ಬೆನ್ನಿಗೆ ಸ್ಪಂಜು ಇರೋದರಿಂದ ದುಂಡು ಮೈಗೆ ಸರಿಯಾಗಿ ಕೂರುತ್ತೆ. ಬರೀ ಕಾಗದದ ಸ್ಯಾಂಡ್ ಪೇಪರ್ ಆದರೆ ಅಂಚು ತಾಗಿ ಗೀರು ಬೀಳುತ್ತೆ. ಮಸ್ಜಿದ್ ಬಂದರ್ ಹತ್ತಿರ ನಾಗದೇವಿ ಸ್ಟ್ರೀಟ್‌ನಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಇಲ್ಲವೇ ಕಾರಿನ ಪೇಂಟ್ ಸಾಮಾನು ಮಾರುವ ಕಡೆ ಕೇಳಿ.

ಒಂದು ಎಚ್ಚರಿಕೆ. ಕಾರಿನ ವ್ಯಾಕ್ಸ್ ಬಳಿಯಬೇಡಿ. ಅದು ಮೈ ನುಣುಪು ಮಾಡೋದಲ್ಲ, ಮೇಲೊಂದು ಪದರ ಕೂರಿಸೋದು. ನೀರು ನಿಲ್ಲದಿರಲಿ ಅಂತ ಇರೋ ಸಾಮಾನು ಅದು. ನಿಮ್ಮ ಚೆಂಡಿಗೆ ಎಣ್ಣೆ ಕುಡಿಯುವ ರಂಧ್ರ ಬೇಕು ಅಂತೀರಿ, ಹಾಗಿದ್ದರೆ ಇದು ಪೂರ್ತಿ ಉಲ್ಟಾ ಕೆಲಸ.

ಕೊಥ್ರೂಡ್ ಕಾಕಾ

ಗ್ಯಾರೇಜ್‌ನವರ ಮಾತಿಗೆ ಒಂದು ಸೇರಿಸುತ್ತೇನೆ. ಹೊಳಪು ಅಂದ ಮೇಲೆ ಎಲ್ಲಾ ಹೊಳಪೂ ಒಂದೇ ಅಲ್ಲ. 500ರಲ್ಲಿ ಉಜ್ಜಿ ಮೇಲೆ ಪಾಲಿಶ್ ಕೊಟ್ಟದ್ದೂ ಹೊಳೆಯುತ್ತದೆ, 4000ದ ವರೆಗೆ ಉಜ್ಜಿ ಪಾಲಿಶ್ ಕೊಟ್ಟದ್ದೂ ಹೊಳೆಯುತ್ತದೆ. ಮೊದಲಿನದರಲ್ಲಿ ಏರಿನ ತುದಿ ಮಾತ್ರ ಸವರಿರುತ್ತದೆ, ಕೆಳಗೆ ತಗ್ಗು ಹಾಗೇ ಇರುತ್ತದೆ. ಎರಡೂ ಲೇನ್ ಮೇಲೆ ಬೇರೆ ಬೇರೆ ಥರ ಓಡುತ್ತವೆ. ಅದಕ್ಕೇ ಕಂಪನಿಯವರು ಚೆಂಡಿನ ವಿವರದಲ್ಲಿ ಕೆಳಗಿನ ಗ್ರಿಟ್ ಯಾವುದು, ಮೇಲೆ ಪಾಲಿಶ್ ಇದೆಯಾ ಅಂತ ಎರಡೂ ಬರೆಯುತ್ತಾರೆ.

ಕೈ ಬದಲಾದ ಚೆಂಡಿನಲ್ಲಿ ಕೆಳಗೆ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಆ ಪಾಲಿಶ್ ಮೇಲೇ ನೇರ 4000 ತಿಕ್ಕಿದರೆ ಹೊಳಪು ಚೂರು ಮಂಕಾಗುತ್ತದೆ, ಅಷ್ಟೇ. ಒಮ್ಮೆ 2000ದಿಂದ ಹಳೆಯದನ್ನು ಪೂರ್ತಿ ತೆಗೆದು, ಆಮೇಲೆ 4000ಕ್ಕೆ ಏರಿಸಿ. ಆಗ ಅಕ್ಕ ಹೇಳಿದ್ದೂ ಆಯಿತು, ನಾನು ಹೇಳಿದ 2000ವೂ ಮಧ್ಯದಲ್ಲಿ ಬಂದು ಹೋಯಿತು!

ಮಾಟುಂಗಾ ಮಾವ

ಭಾರೀ ಉಪಾಯದವರು ಕಾಕಾ ನೀವು.

ವಾಶಿ ಅಕ್ಕ

ಕಾಕಾ ಹೇಳಿದ್ದು ಸರಿ, 2000 ಆಮೇಲೆ 4000. ಉಜ್ಜೋದು ಹೇಗೆ ಅಂತ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಕೆಡಿಸೋದು ಇಲ್ಲೇ.

ಬಾತ್‌ರೂಮಿನಲ್ಲಿ ಕೂತು ಮಾಡು. ಹಳೇ ಟವೆಲ್ಲನ್ನು ಸುತ್ತಿ ಸಿಂಬಿ ಮಾಡಿ ನೆಲದ ಮೇಲಿಡು, ಅದರ ಮೇಲೆ ಚೆಂಡು. ಆಗ ಉರುಳಲ್ಲ. ಮೊದಲು ಮೈಯೆಲ್ಲ ಚೆನ್ನಾಗಿ ತೊಳೆದು ಒರೆಸು, ಜಿಡ್ಡಿನ ಮೇಲೆ ಉಜ್ಜಿದರೆ ಪ್ಯಾಡ್ ಕಟ್ಟಿಕೊಳ್ಳುತ್ತೆ. ಪ್ಯಾಡ್ ಒದ್ದೆ ಮಾಡು, ಚೆಂಡಿನ ಮೇಲೂ ನೀರು ಚಿಮುಕಿಸು. ಅಂಗೈ ಪೂರ್ತಿ ಊರಿ ದುಂಡಗೆ ತಿರುಗಿಸುತ್ತಾ ಹೋಗು. ಬೆರಳ ತುದಿಯಿಂದ ಒತ್ತಬೇಡ, ಒತ್ತಿದ ಕಡೆ ಜಾಸ್ತಿ ಸವೆಯುತ್ತೆ. ಸ್ವಲ್ಪ ಹೊತ್ತಿಗೆ ಚೆಂಡಿನ ಬಣ್ಣದ ಹಾಲಿನಂಥ ನೀರು ಬರೋಕೆ ಶುರುವಾಗುತ್ತೆ. ಕೈಗೂ ಗೊತ್ತಾಗುತ್ತೆ, ಮೊದಲು ಸರ್ರಂತ ಜಾರುತ್ತಿದ್ದ ಪ್ಯಾಡ್ ನಿಧಾನಕ್ಕೆ ಹಿಡಿಯುತ್ತೆ. ಆ ನೀರು ತೊಳೆದು, ಚೆಂಡು ಹೊರಳಿಸಿ ಮುಂದಿನ ಬದಿ. ಮೇಲೆ, ಕೆಳಗೆ, ನಾಲ್ಕು ಪಕ್ಕ ಅಂತ ಆರು ಬದಿ. ಎಲ್ಲಾ ಬದಿಗೂ ಒಂದೇ ಸಮಯ ಕೊಡು, ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೋ. ಚೆಂಡಿನ ಮೈಯಲ್ಲಿ ಲೇನ್‌ಗೆ ತಾಗಿ ಓಡುವ ಪಟ್ಟಿಯಲ್ಲಿ ಗೀರು ಕಂಡವು ಅಂತ ಅಲ್ಲೇ ಉಜ್ಜುತ್ತಾ ಕೂತರೆ ಒಂದು ಕಡೆ ಒರಟು, ಒಂದು ಕಡೆ ನುಣುಪು.

ಮುಗಿದ ಮೇಲೆ ಒರೆಸಿ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡು. ದೀಪದ ಗೆರೆ ಎಲ್ಲಾ ಕಡೆ ಒಂದೇ ಥರ ಮಂಕಾಗಿ ಕಾಣಬೇಕು. ಎಲ್ಲಾದರೂ ಚೂಪಾಗಿ ಕಂಡರೆ ಅಲ್ಲಿ ಪಾಲಿಶ್ ಉಳಿದಿದೆ.

ಗಟರ್ ಗೆಳೆಯ

ಒಂದು ಪೆದ್ದು ಪ್ರಶ್ನೆ. ಜೇಬಲ್ಲಿ ಪ್ಯಾಡ್ ಇಟ್ಟುಕೊಂಡು ಹೋಗಿ, ಆಟದ ಮಧ್ಯೆ ಲೇನ್ ನೋಡಿ ನೋಡಿ ಉಜ್ಜಬಹುದಲ್ವಾ?

ಕೊಥ್ರೂಡ್ ಕಾಕಾ

ಪೆದ್ದು ಅಲ್ಲ. ಆಫೀಸ್ ಆಟದಲ್ಲಿ ಯಾರೂ ಕೇಳುವುದಿಲ್ಲ. ಯುಎಸ್‌ಬಿಸಿ ನಿಯಮದ ಸ್ಪರ್ಧೆಯಲ್ಲಿ ಆಟ ನಡೆಯುವಾಗ ಹಾಗೆ ಉಜ್ಜುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಆಟದ ಮಧ್ಯೆ ದ್ರವ ಹಾಕಿ ಒರೆಸುವುದನ್ನೂ ನಿಲ್ಲಿಸಿ, ಒಣ ಬಟ್ಟೆ ಮಾತ್ರ ಅಂದಿದ್ದರು. ಹಾಗಾಗಿ ಗಂಭೀರವಾಗಿ ಆಡುವವರು ಎರಡು ಮೂರು ಚೆಂಡು ಒಯ್ಯುತ್ತಾರೆ. ಒಂದು ಒರಟು, ಒಂದು ಹೊಳಪು. ಮತ್ತೆ ಮೂಲೆಯಲ್ಲಿ ಉಳಿದ ಒಂಟಿ ಪಿನ್ನಿಗೆ ನೇರ ಹೋಗಲು ಒಂದು ಪ್ಲಾಸ್ಟಿಕ್.

ಗಟರ್ ಗೆಳೆಯ

14 ಪೌಂಡಿನ ಮೂರು ಚೆಂಡು ಹೊತ್ತು ಸಂಜೆ ಆರರ ಕರ್ಜತ್ ಲೋಕಲ್ ಹತ್ತೋದು. ಆಯಿತು, ನನಗೆ ಪ್ಲಾಸ್ಟಿಕ್ ಒಂದೇ ಸಾಕು.

ಡೊಂಬಿವಲಿ ಫಾಸ್ಟ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಾಗದೇವಿಯಲ್ಲಿ ಪ್ಯಾಡ್ ಸಿಕ್ಕಿತು. ಅಕ್ಕ ಹೇಳಿದ ಹಾಗೆ ಸೋಪಿನ ನೀರಿನಲ್ಲಿಟ್ಟೆ. ನೀರಿನ ಮೇಲೆ ತೇಲಿದ ಎಣ್ಣೆ ನೋಡಿ ಅಮ್ಮ ಆ ಬಕೆಟ್ಟನ್ನು ಮತ್ತೆ ಸ್ನಾನಕ್ಕೆ ಮುಟ್ಟಬೇಡ ಅಂದರು. ಆಮೇಲೆ 2000, ಅದರ ಮೇಲೆ 4000.

ಉಜ್ಜೋ ಮೊದಲು ಒಂದು ಬುಧವಾರ ಗೆಳೆಯನ ಕೈಯಲ್ಲಿ ಹಿಂದಿನಿಂದ ವಿಡಿಯೋ ತೆಗೆಸಿಟ್ಟಿದ್ದೆ. ಉಜ್ಜಿದ ಮೇಲೆ ಅದೇ ಲೇನ್, ಅದೇ ಹೊತ್ತು, ಅದೇ ಬಾಣದ ಮೇಲೆ ಎಸೆದು ಮತ್ತೆ ತೆಗೆಸಿದೆ. ಮೊದಲು ಚೆಂಡು ತಿರುಗೋಕೆ ಶುರುಮಾಡುವ ಜಾಗ ಒಂದೊಂದು ಸಲ ಒಂದೊಂದು ಕಡೆ ಇತ್ತು. ಈಗ ಸ್ವಲ್ಪ ಮೊದಲೇ ಶುರುವಾಗುತ್ತೆ, ಆದರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಎಡಕ್ಕೆ ದಾಟಿ ಹೋಗೋದು ಬಹಳ ಕಡಿಮೆ ಆಗಿದೆ. ಆ ದಢಕ್ ಅನ್ನೋ ಹೊಡೆತ ಮಾತ್ರ ಹೋಯಿತು. ಸಂದಿಗೆ ಸರಿಯಾಗಿ ಬಿದ್ದರೂ ಆಗಾಗ ಬಲ ತುದಿಯಲ್ಲಿ ಒಂದು ಪಿನ್ ನಿಂತಿರುತ್ತೆ.

ಮಾಟುಂಗಾ ಮಾವ

10ನೇ ಪಿನ್! ನಾನು ಏನು ಹೇಳಿದ್ದೆ?

ಆದರೂ ವಿಡಿಯೋ ತೆಗೆದು ಹೋಲಿಸಿದ್ದು ಒಳ್ಳೆಯ ಕೆಲಸ. ಕಣ್ಣಂದಾಜು ನಂಬಬಾರದು, ಸ್ಟ್ರೈಕ್ ಬಿದ್ದರೆ ಎಲ್ಲವೂ ಸರಿ ಕಾಣುತ್ತದೆ. ಇನ್ನು ಆ ಪಿನ್ನಿಗೆ ಚೆಂಡನ್ನು ಮತ್ತೆ ಉಜ್ಜಲು ಹೋಗಬೇಡಿ. ನಿಲ್ಲುವ ಜಾಗ ಎರಡು ಪಟ್ಟಿ ಎಡಕ್ಕೆ ಸರಿಸಿ, ಗುರಿ ಒಂದು ಪಟ್ಟಿ ಎಡಕ್ಕೆ ಇಡಿ. ಎಣ್ಣೆ ಇರುವ ಕಡೆಯಿಂದ ಹೋದರೆ ಚೆಂಡು ಇನ್ನೂ ಸ್ವಲ್ಪ ದೂರ ಜಾರಿ ತಡವಾಗಿ ತಿರುಗುತ್ತದೆ. ಕಾಲು ಸರಿಸಲು ಪ್ಯಾಡ್ ಖರ್ಚಿಲ್ಲ.

ಡೊಂಬಿವಲಿ ಫಾಸ್ಟ್

ಮಾವ, ಮುಂದಿನ ಬುಧವಾರ ಹಾಗೇ ಮಾಡಿ ನೋಡುತ್ತೇನೆ. ಇನ್ನೊಂದು ಗಮನಿಸಿದೆ. ಕೆಲವು ಗೇಮ್ ಆದ ಮೇಲೆ ಚೆಂಡು ಮತ್ತೆ ಹೊಳೆಯೋಕೆ ಶುರುಮಾಡಿದೆ. ಲೇನ್‌ಗೆ ತಾಗಿ ಓಡುವ ಪಟ್ಟಿಯಲ್ಲಿ ಮಾತ್ರ. ನಾನು ಏನೂ ಹಚ್ಚಿಲ್ಲ.

ವಾಶಿ ಅಕ್ಕ

ಲೇನೇ ಅದಕ್ಕೆ ಪಾಲಿಶ್ ಮಾಡುತ್ತೆ. ಹೊಸದಾಗಿ ಸ್ಯಾಂಡ್ ಮಾಡಿದ ಏರುಗಳು ಆಡ್ತಾ ಆಡ್ತಾ ಸವೆಯುತ್ತವೆ, ಒರಟು ಜಾಸ್ತಿ ಇದ್ದಷ್ಟೂ ಬೇಗ. ಪಾಲಿಶ್ ಚೆಂಡಿಗೂ ಬಿಡುವಿಲ್ಲ, ಅದು ಗೀರು ಬಿದ್ದು ಮಂಕಾಗುತ್ತೆ. ಒಮ್ಮೆ ಮಾಡಿಸಿದೆ, ಮುಗಿಯಿತು ಅಂತ ಇಲ್ಲ. ತಿರುವು ತಡವಾಗ್ತಿದೆ ಅನ್ನಿಸಿದಾಗ ಚೆಂಡನ್ನು ಒರೆಸಿ, 4000 ಪ್ಯಾಡ್‌ನಿಂದ ಆರೂ ಬದಿಗೆ ಹಗುರವಾಗಿ ಒಂದೊಂದು ಸುತ್ತು ಕೊಡು. 2000ಕ್ಕೆ ಮತ್ತೆ ಹೋಗೋದು ಬೇಡ.

ಕೊಥ್ರೂಡ್ ಕಾಕಾ

ಅಕ್ಕ ಹೇಳಿದ ಮೇಲೆ ನನ್ನದೇನೂ ಉಳಿದಿಲ್ಲ. 3000 ಒಮ್ಮೆ ಹಾಕಿ ನೋಡುವ ಆಸೆ ಮಾತ್ರ ಇದೆ, ನನ್ನ ಚೆಂಡಿಗಲ್ಲ, ಇವರದಕ್ಕೆ.

ಗಟರ್ ಗೆಳೆಯ

ಡೊಂಬಿವಲಿ ಫಾಸ್ಟ್, ಬುಧವಾರ ನಾನೂ ಬರುತ್ತೇನೆ. ಕಲ್ಯಾಣ್‌ನಿಂದ ಏಳು ಗಂಟೆಗೆ ಹೊರಟರೆ ಸಾಕಾ? ಬೂಟು ಅಲ್ಲೇ ಕೊಡ್ತಾರಾ, ಮನೆಯಿಂದ ತರಬೇಕಾ?

ಡೊಂಬಿವಲಿ ಫಾಸ್ಟ್

ಬೂಟು ಅಲ್ಲೇ ಕೊಡ್ತಾರೆ, ಸಾಕ್ಸ್ ಮಾತ್ರ ಹಾಕಿಕೊಂಡು ಬನ್ನಿ. ಆರೂವರೆಗೇ ಹೊರಡಿ.